ರೆನಿನ್ ಅಂದ್ರೆ ಏನು? ಬಿಪಿ ಗುಳಿಗೆಗೂ ಅದಕ್ಕೂ ಏನು ನಂಟು?

ರೆನಿನ್ ಅನ್ನೋದು ಕಿಡ್ನಿ ರಕ್ತಕ್ಕೆ ಬಿಡುವ ಒಂದು ಕಿಣ್ವ. ಹಾರ್ಮೋನುಗಳ ಜೊತೆಗೇ ಇದನ್ನೂ ಲೆಕ್ಕ ಹಿಡಿಯುತ್ತಾರೆ. ಸ್ಟಾಕ್‌ಹೋಮ್‌ನಲ್ಲಿ ಟೈಗರ್‌ಸ್ಟೆಡ್ ಮತ್ತು ಬರ್ಗ್‌ಮನ್ ಅನ್ನೋ ಸಂಶೋಧಕರು ಮೊಲದ ಕಿಡ್ನಿಯಿಂದ ತೆಗೆದ ರಸವನ್ನು ಬೇರೆ ಮೊಲಕ್ಕೆ ಚುಚ್ಚಿದಾಗ ಬಿಪಿ ಏರಿತು, 1898ರಲ್ಲಿ ಅದನ್ನು ಪ್ರಕಟಿಸಿದರು. ಅಲ್ಲಿಂದ ಶುರು ಇದರ ಕಥೆ.

ಕಲಬುರಗಿಯ ಮೇ ತಿಂಗಳನ್ನೇ ತಗೊಳ್ಳಿ. ಬಿಸಿಲು 42 ಡಿಗ್ರಿ ಮುಟ್ಟಿದಾಗ ಬೆವರಿನಲ್ಲಿ ನೀರೂ ಹೋಗುತ್ತದೆ, ಉಪ್ಪೂ ಹೋಗುತ್ತದೆ. ಆಗ ಕಿಡ್ನಿ ರೆನಿನ್ ಜಾಸ್ತಿ ಬಿಡುತ್ತದೆ. ಅದರಿಂದ ಮುಂದೆ ಆಂಜಿಯೋಟೆನ್ಸಿನ್ 2 ಅನ್ನೋ ಹಾರ್ಮೋನು ತಯಾರಾಗಿ ರಕ್ತನಾಳ ಬಿಗಿಯುತ್ತದೆ, ಕಿಡ್ನಿ ಮೇಲಿನ ಅಡ್ರಿನಲ್ ಗ್ರಂಥಿ ಅಲ್ಡೋಸ್ಟಿರೋನ್ ಅನ್ನೋ ಇನ್ನೊಂದು ಹಾರ್ಮೋನು ಬಿಡುತ್ತದೆ, ಅದು ಇದ್ದ ಉಪ್ಪು ಮೂತ್ರದಲ್ಲಿ ಹೋಗದಂತೆ ಹಿಡಿದಿಡುತ್ತದೆ. ಹೀಗೆ ಬಿಪಿ ಕುಸಿಯೋದಿಲ್ಲ. ರೊಟ್ಟಿ ಜೊತೆ ಉಪ್ಪಿನಕಾಯಿ, ಹಪ್ಪಳ ಅಂತ ದಿನಾ ಉಪ್ಪು ಜಾಸ್ತಿ ತಿಂದರೆ ಉಲ್ಟಾ, ರೆನಿನ್ ಇಳಿಯುತ್ತದೆ.

ಈಗ ಗುಳಿಗೆಗೆ ಬರೋಣ. "ಕಾಕಾ, ಎಲ್ಲಾ ಬಿಪಿ ಗುಳಿಗಿ ಒಂದೇ ಅಲ್ಲೇನ್ರಿ?" ಅಂತ ಮೆಡಿಕಲ್ ಅಂಗಡಿಯಲ್ಲಿ ಕೇಳೋರು ಬಹಳ. ಒಂದೇ ಅಲ್ಲ. ಮೆಷಿನ್‌ನಲ್ಲಿ ಕಾಣುವ ಅಂಕಿ ಒಂದೇ ಥರ ಇಳಿದರೂ ಒಳಗೆ ಹಾರ್ಮೋನುಗಳು ಬೇರೆ ಬೇರೆ ದಿಕ್ಕಿಗೆ ಹೋಗಿರುತ್ತವೆ.

ಅಟೆನೊಲಾಲ್, ಮೆಟೊಪ್ರೊಲಾಲ್ ರೆನಿನ್ ಬಿಡುಗಡೆಯನ್ನೇ ತಗ್ಗಿಸುತ್ತವೆ. ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ರಾಮಿಪ್ರಿಲ್ ತಗೊಂಡರೆ ರೆನಿನ್ ಏರುತ್ತದೆ, ಅಲ್ಡೋಸ್ಟಿರೋನ್ ಇಳಿಯುತ್ತದೆ. ಯಾಕಂದ್ರೆ ಆಂಜಿಯೋಟೆನ್ಸಿನ್ 2 ಇದ್ದಾಗ ಅದೇ ಕಿಡ್ನಿಗೆ "ಸಾಕು" ಅನ್ನುತ್ತದೆ. ಈ ಗುಳಿಗೆಗಳು ಆ ಮಾತು ಮುಟ್ಟದ ಹಾಗೆ ಮಾಡುತ್ತವೆ, ಕಿಡ್ನಿ ಬಿಡುತ್ತಲೇ ಇರುತ್ತದೆ. ಕ್ಲೋರ್ತಾಲಿಡೋನ್‌ನಂಥ ಮೂತ್ರ ಹೋಗಿಸುವ ಗುಳಿಗೆಯಲ್ಲಿ ರೆನಿನ್, ಅಲ್ಡೋಸ್ಟಿರೋನ್ ಎರಡೂ ಏರುತ್ತವೆ. ಅಮ್ಲೋಡಿಪಿನ್‌ನಿಂದ ಅಷ್ಟೇನೂ ದೊಡ್ಡ ಬದಲಾವಣೆ ಇಲ್ಲ.

ಇದನ್ನೆಲ್ಲಾ ತಿಳಿಯಲು ಸಂಶೋಧಕರು ಕಾಯಿಲೆ ಇಲ್ಲದವರಿಗೂ ಈ ಔಷಧ ಕೊಟ್ಟು ನೋಡುತ್ತಾರೆ. ಯಾಕೆ ಅಂದ್ರೆ, ರೋಗಿಯಲ್ಲಿ ವಯಸ್ಸು, ಕಿಡ್ನಿ ತೊಂದರೆ, ಬೇರೆ ಗುಳಿಗೆ ಎಲ್ಲಾ ಸೇರಿ ರೆನಿನ್ ಅಂಕಿ ಕಲಸಿಹೋಗಿರುತ್ತದೆ. ಆರೋಗ್ಯವಂತರಲ್ಲಿ ಬಿಪಿ ಸ್ವಲ್ಪವೇ ಇಳಿದರೂ ಹಾರ್ಮೋನು ಯಾವ ಕಡೆ ಹೋಯಿತು ಅನ್ನೋದು ಸ್ಪಷ್ಟವಾಗಿ ಸಿಗುತ್ತದೆ. ಅವರು ತಿನ್ನುವ ಉಪ್ಪನ್ನೂ ಅಳೆದು ಕೊಡಬಹುದು, ಇದು ಬಹಳ ಮುಖ್ಯ.

ನಮಗೆ ಇದು ನಿಜಕ್ಕೂ ಬೇಕಾಗೋದು ಡಾಕ್ಟರ್ ಅಲ್ಡೋಸ್ಟಿರೋನ್-ರೆನಿನ್ ಅನುಪಾತದ ರಕ್ತ ಪರೀಕ್ಷೆ ಬರೆದಾಗ. ಮೂರು ಥರ ಗುಳಿಗೆ ತಗೊಂಡರೂ ಬಿಪಿ ಬಗ್ಗದಿದ್ದರೆ, ಅಡ್ರಿನಲ್ ಗ್ರಂಥಿ ತಾನಾಗೇ ಅಲ್ಡೋಸ್ಟಿರೋನ್ ಜಾಸ್ತಿ ಮಾಡ್ತಿದೆಯಾ ಅಂತ ಇದರಲ್ಲಿ ನೋಡುತ್ತಾರೆ. ಹಾಗಿದ್ದರೆ ಅಲ್ಡೋಸ್ಟಿರೋನ್ ಜಾಸ್ತಿ, ರೆನಿನ್ ಕಮ್ಮಿ ಇರುತ್ತದೆ. ಅಟೆನೊಲಾಲ್ ನುಂಗಿ ಹೋದರೆ ರೆನಿನ್ ಕಮ್ಮಿ ಬಂದು ಇಲ್ಲದ ಕಾಯಿಲೆ ಇದ್ದಂತೆ ಕಾಣಬಹುದು. ಟೆಲ್ಮಿಸಾರ್ಟಾನ್‌ನಲ್ಲಿದ್ದರೆ ಇರೋ ಕಾಯಿಲೆಯೇ ಮರೆಯಾಗಬಹುದು. ಮಲಗಿ ಎದ್ದ ಕೂಡಲೇ ರಕ್ತ ಕೊಟ್ಟರೂ ಅಂಕಿ ಬದಲಾಗುತ್ತದೆ, ಅದಕ್ಕೇ ಎದ್ದು ಎರಡು ತಾಸು ಓಡಾಡಿ, ಆಮೇಲೆ ಸ್ವಲ್ಪ ಹೊತ್ತು ಕೂತು ಕೊಡಿ ಅನ್ನೋದು.

ಹಾಗಂತ ನೀವೇ ಗುಳಿಗೆ ನಿಲ್ಲಿಸಬೇಡಿ, ಬಿಪಿ ಒಮ್ಮೆಲೇ ಏರಿದರೆ ಜೀವಕ್ಕೇ ಕುತ್ತು. ನುಂಗುವ ಎಲ್ಲಾ ಗುಳಿಗೆಗಳನ್ನೂ ಡಾಕ್ಟರ್ ಮುಂದೆ ಇಡಿ. ಬೇಕಾದರೆ ಅವರೇ ಕೆಲವು ವಾರದ ಮಟ್ಟಿಗೆ ವೆರಾಪಮಿಲ್ ಅಥವಾ ಪ್ರಾಜೋಸಿನ್‌ನಂಥ, ರೆನಿನ್ ಗೊಡವೆಗೆ ಅಷ್ಟು ಹೋಗದ ಗುಳಿಗೆಗೆ ಬದಲಿಸಿ ಪರೀಕ್ಷೆ ಮಾಡಿಸುತ್ತಾರೆ.