ಸ್ಟಾಪಿನಿಂದ ಹೊರಡುವ ಬಸ್ಸಿಗೆ ದಾರಿ ಯಾರು ಬಿಡಬೇಕು?

ಕಲಬುರಗಿಯಲ್ಲಿ ಬೈಕ್ ಓಡಿಸುವವರಿಗೆಲ್ಲ ಸಿಟಿ ಬಸ್ಸಿನ ಮೇಲೆ ಒಂದು ದೂರು ಇದ್ದೇ ಇರುತ್ತದೆ. ಸ್ಟಾಪ್ ಬಂದರೂ ಡ್ರೈವರ್ ಬಸ್ಸನ್ನು ಬದಿಗೆ ಹಾಕುವುದಿಲ್ಲ, ಅರ್ಧ ರಸ್ತೆಯಲ್ಲೇ ನಿಲ್ಲಿಸಿ ಜನರನ್ನು ಹತ್ತಿಸಿಕೊಳ್ಳುತ್ತಾರೆ. ಹಿಂದೆ ಹಾರ್ನ್ ಶುರು. ದೂರು ಸುಳ್ಳಲ್ಲ. ಆದರೆ ಡ್ರೈವರ್ ಸೀಟಿನಲ್ಲಿ ಕೂತು ನೋಡಿದರೆ ಲೆಕ್ಕ ಬೇರೆಯೇ ಇದೆ. ಬದಿಗೆ ಹಾಕುವುದೇನೋ ಸರಿ, ಮತ್ತೆ ರಸ್ತೆಗೆ ಬರುವುದು ಹೇಗೆ?

ಸೂಪರ್ ಮಾರ್ಕೆಟ್‌ನಿಂದ ಜಗತ್ ಸರ್ಕಲ್ ಕಡೆ ಹೊರಟ ಬಸ್ಸನ್ನು ಗಮನಿಸಿ. ಮುಂದೆ ಒಂದು ಟಂಟಂ ಸೀಟು ತುಂಬಿಸಿಕೊಳ್ಳುತ್ತಾ ನಿಂತಿದೆ. ಅದರ ಬಾಜೂ ಹಣ್ಣಿನ ಬಂಡಿ. ಡ್ರೈವರ್ ಬಲಗಡೆ ಇಂಡಿಕೇಟರ್ ಹಾಕುತ್ತಾರೆ. ಅದನ್ನು ಕಂಡು ಹಿಂದಿನ ಬೈಕು ನಿಧಾನ ಆಗಬೇಕಲ್ವಾ? ಇಲ್ಲಿ ಇನ್ನೂ ಜೋರಾಗುತ್ತದೆ. ಬಸ್ಸು ಮೂತಿ ಹೊರಗೆ ಹಾಕುವುದರೊಳಗೆ ದಾಟಿಬಿಡಬೇಕು ಅಂತ. ಒಂದು ಬೈಕಿನ ಹಿಂದೆ ಇನ್ನೊಂದು, ಅದರ ಹಿಂದೆ ಆಟೋ. ಕೊನೆಗೆ ಡ್ರೈವರ್ ಕಿಟಕಿಯಿಂದ ಕೈ ಹೊರಗೆ ಚಾಚಿ, "ಜರಾ ತಡೀರಿ ಅಣ್ಣಾ" ಎಂದು ಕೂಗಿ, ಗೇಣು ಗೇಣಾಗಿ ಬಸ್ಸನ್ನು ತೂರಿಸುತ್ತಾರೆ. ಒಳಗೆ ಕೂತವರು ನಿಂತವರು ಸೇರಿ ಐವತ್ತು ಜನ, ಹೊರಗೆ ಒಬ್ಬೊಬ್ಬರೇ ಕೂತ ಬೈಕುಗಳಿಗೆ ದಾರಿ ಬಿಟ್ಟುಕೊಂಡು ಕಾಯುತ್ತಿರುತ್ತಾರೆ.

ಹೀಗೆ ಎರಡು ಸಲ ಸಿಕ್ಕಿಹಾಕಿಕೊಂಡ ಡ್ರೈವರ್ ಮೂರನೇ ಸಲ ಬದಿಗೆ ಹಾಕುವುದೇ ಇಲ್ಲ. ರಸ್ತೆಯಲ್ಲೇ ನಿಂತರೆ ಹೊರಡುವುದು ಸುಲಭ. ನಾವು ದಾರಿ ಬಿಡಲ್ಲ ಅಂತ ಅವರು ಬದಿಗೆ ನಿಲ್ಲಿಸಲ್ಲ, ಅವರು ಬದಿಗೆ ನಿಲ್ಲಿಸಲ್ಲ ಅಂತ ನಮಗೆ ಸಿಟ್ಟು. ಕೆಲವು ದೇಶಗಳು ಈ ಜಗಳವನ್ನು ಸಂಚಾರ ನಿಯಮದಲ್ಲೇ ಬಗೆಹರಿಸಿಕೊಂಡು ದಶಕಗಳಾಗಿವೆ. ನಮ್ಮ ನಿಯಮಗಳಲ್ಲಿ ಅದು ಇವತ್ತಿಗೂ ಇಲ್ಲ. ಇದಕ್ಕೆ ಕಾರಣ ಹುಡುಕಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಈ ಸೀಮೆಯ ಸರ್ಕಾರಿ ಬಸ್ಸಿನ ಬೇರು ಇರುವುದು ಹೈದರಾಬಾದಿನಲ್ಲಿ. 1932ರಲ್ಲಿ ನಿಜಾಮ್ ಸ್ಟೇಟ್ ರೈಲ್ವೆ 27 ಬಸ್ಸು, 166 ನೌಕರರನ್ನು ಇಟ್ಟುಕೊಂಡು ರಸ್ತೆ ಸಾರಿಗೆ ವಿಭಾಗ ತೆರೆಯಿತು. ರೈಲು ಓಡಿಸುವವರೇ ಬಸ್ಸನ್ನೂ ಓಡಿಸಿದರು. ಗುಲ್ಬರ್ಗ, ಬೀದರ್ ಆಗ ಆ ಸಂಸ್ಥಾನದ ಜಿಲ್ಲೆಗಳು. ಮೈಸೂರು ಸರ್ಕಾರ ತನ್ನ ಬಸ್ಸು ಬಿಟ್ಟದ್ದು ಅದಾದ ಎಷ್ಟೋ ವರ್ಷಕ್ಕೆ, 1948ರಲ್ಲಿ. 1956ರ ಏಕೀಕರಣದ ಹೊತ್ತಿಗೆ ಈ ಕಡೆಯ ಬಸ್ಸುಗಳು ಮೈಸೂರು ರಾಜ್ಯದ ಪಾಲಿಗೆ ಬಂದವು. 1961ರಲ್ಲಿ ರಾಜ್ಯಕ್ಕೆಲ್ಲ ಒಂದೇ ನಿಗಮ ಆಯಿತು. 2000ದಲ್ಲಿ ಅದರಿಂದ ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಬೇರೆಯಾಯಿತು. 2021ರಲ್ಲಿ ಅದರ ಹೆಸರು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ ಎಂದು ಬದಲಾಯಿತು. ಕೇಂದ್ರ ಕಚೇರಿ ನಮ್ಮ ಊರಲ್ಲೇ ಇದೆ.

ಇಷ್ಟು ವರ್ಷ ಕಾನೂನು ಸರ್ಕಾರಿ ಬಸ್ಸಿಗೆ ಆದ್ಯತೆ ಕೊಟ್ಟೇ ಇಲ್ಲ ಅಂತೇನಿಲ್ಲ. ಕೊಟ್ಟಿದೆ, ಆದರೆ ಪರ್ಮಿಟ್ಟಿನಲ್ಲಿ. 1939ರ ಮೋಟಾರು ವಾಹನ ಕಾಯ್ದೆಗೆ 1956ರಲ್ಲಿ ಒಂದು ಹೊಸ ಅಧ್ಯಾಯ ಸೇರಿಸಿದರು. ಒಂದು ಮಾರ್ಗವನ್ನು ಸರ್ಕಾರಿ ಸಾರಿಗೆ ಸಂಸ್ಥೆಗೆ ಮೀಸಲಿಟ್ಟು, ಖಾಸಗಿ ಬಸ್ಸುಗಳನ್ನು ಪೂರ್ತಿಯಾಗಿಯೋ ಭಾಗಶಃವಾಗಿಯೋ ಹೊರಗಿಡಲು ಅದು ಅವಕಾಶ ಕೊಟ್ಟಿತು. 1988ರ ಹೊಸ ಕಾಯ್ದೆಯಲ್ಲೂ ಆರನೇ ಅಧ್ಯಾಯವಾಗಿ ಅದು ಉಳಿದಿದೆ. ಪೈಪೋಟಿಗೆ ಬೇರೆ ಬಸ್ಸು ಇರಬಾರದು, ಅಷ್ಟಾದರೆ ಸರ್ಕಾರಿ ಬಸ್ಸು ಚೆನ್ನಾಗಿ ನಡೆಯುತ್ತದೆ ಅನ್ನುವ ಕಾಲ ಅದು. ರಸ್ತೆಯಲ್ಲಿ ಗಾಡಿಗಳೇ ಕಡಿಮೆ ಇದ್ದಾಗ ಆ ಯೋಚನೆ ತಪ್ಪೂ ಅಲ್ಲ. ಈಗ ಬಸ್ಸಿಗೆ ಅಡ್ಡ ಬರುವುದು ಇನ್ನೊಂದು ಬಸ್ಸಲ್ಲ. ಟಂಟಂ, ಕ್ರೂಸರ್, ಬೈಕು, ಮತ್ತೆ ಅಂಗಡಿ ಮುಂದೆ "ಎರಡೇ ನಿಮಿಷ" ಅಂತ ನಿಲ್ಲಿಸಿ ಹೋದ ಕಾರು. ಪರ್ಮಿಟ್ಟಿನ ಆದ್ಯತೆ ಇವುಗಳ ಮುಂದೆ ಏನೂ ಮಾಡಲಾರದು.

ಗಾಡಿ ಓಡಿಸುವ ನಿಯಮಗಳ ಕಥೆ ಬೇರೆ. 1939ರ ಕಾಯ್ದೆಯ ಕೊನೆಗೆ ಒಂದು ಪಟ್ಟಿಯಾಗಿ ಇದ್ದ ಅವು 1989ರಲ್ಲಿ ಪ್ರತ್ಯೇಕ ರಸ್ತೆ ನಿಯಮಗಳಾದವು. 2017ರಲ್ಲಿ ಅವುಗಳ ಜಾಗಕ್ಕೆ ಹೊಸ ಚಾಲನಾ ನಿಯಮಾವಳಿ ಬಂತು. ಆಂಬುಲೆನ್ಸ್, ಅಗ್ನಿಶಾಮಕ ಗಾಡಿ ಬಂದರೆ ಬದಿಗೆ ಸರಿಯಬೇಕು ಅನ್ನುವುದು 1989ರಲ್ಲೇ ಇತ್ತು. 2019ರ ತಿದ್ದುಪಡಿ ಬಂದ ಮೇಲಂತೂ ಅವುಗಳಿಗೆ ದಾರಿ ಬಿಡದಿದ್ದರೆ 10,000 ರೂಪಾಯಿವರೆಗೆ ದಂಡ ಇದೆ. 1989ರ ನಿಯಮದಲ್ಲಿ ಮೆರವಣಿಗೆಯ ಪಕ್ಕ ಹೋಗುವಾಗ ವೇಗ ಗಂಟೆಗೆ 25 ಕಿ.ಮೀ. ದಾಟಬಾರದು ಅಂತಲೂ ಇತ್ತು. ಶರಣಬಸವೇಶ್ವರರ ತೇರು, ಬಂದೇನವಾಜರ ಉರುಸು ಎರಡೂ ನೋಡುವ ನಮ್ಮೂರಿನವರಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ ಬಿಡಿ. ಹೊತ್ತು ಹೊತ್ತಿಗೆ ಐವತ್ತು ಜನರನ್ನು ಹೊತ್ತು ಸಾಗುವ ಬಸ್ಸಿಗೆ ಮಾತ್ರ ಇಂಥ ಒಂದು ಸಾಲೂ ಇಲ್ಲ. ನಿಂತ ಗಾಡಿ ಹೊರಡುವಾಗ ಹಿಂದಿನವರಿಗೆ ತೊಂದರೆ ಆಗದಂತೆ ನೋಡಿಕೊಳ್ಳುವುದು ಹೊರಡುವವರ ಹೊಣೆ. ಸ್ಟಾಪಿನಿಂದ ಹೊರಡುವ ಬಸ್ಸೂ ಒಂದೇ, ಪಾನ್ ಅಂಗಡಿಯಿಂದ ಹೊರಡುವ ಸ್ಕೂಟರೂ ಒಂದೇ.

ಹೊರದೇಶಗಳಲ್ಲಿ ಅರವತ್ತರ ದಶಕದಲ್ಲೇ ಬೇರೆ ಥರ ಯೋಚನೆ ನಡೆದಿತ್ತು. ಕಾರು ಹೆಚ್ಚಾಗಿ ಬಸ್ಸು ಸಿಕ್ಕಿಹಾಕಿಕೊಳ್ಳತೊಡಗಿದಾಗ ಪ್ಯಾರಿಸ್ 1964ರಲ್ಲಿ, ಲಂಡನ್ 1968ರಲ್ಲಿ ಬಸ್ಸಿಗೇ ಅಂತ ರಸ್ತೆಯಲ್ಲಿ ಒಂದು ಪಥ ಬಿಟ್ಟವು. ಅದೇ 1968ರಲ್ಲಿ ವಿಯೆನ್ನಾದಲ್ಲಿ ರಸ್ತೆ ಸಂಚಾರದ ಬಗ್ಗೆ ಒಂದು ಅಂತರರಾಷ್ಟ್ರೀಯ ಒಪ್ಪಂದ ಆಯಿತು. ಅದರ 15ನೇ ವಿಧಿ ನೋಡಿದರೆ ನಮ್ಮ ಸೂಪರ್ ಮಾರ್ಕೆಟ್ ನೋಡಿಯೇ ಬರೆದ ಹಾಗಿದೆ. ಊರೊಳಗೆ, ಗುರುತು ಮಾಡಿದ ಸ್ಟಾಪಿನಿಂದ ಸಾರ್ವಜನಿಕ ಬಸ್ಸು ಹೊರಟಾಗ ಉಳಿದವರು ನಿಧಾನ ಮಾಡಬೇಕು, ಬೇಕಾದರೆ ನಿಲ್ಲಬೇಕು. ದೇಶಗಳು ತಮ್ಮ ಕಾನೂನಿನಲ್ಲಿ ಹೀಗೆ ಬರೆದುಕೊಂಡರೆ ಒಳ್ಳೆಯದು ಅನ್ನುತ್ತದೆ ಅದು. ಅಷ್ಟಕ್ಕೇ ಬಿಟ್ಟಿಲ್ಲ. ಬಸ್ ಡ್ರೈವರ್ ಮೊದಲು ಇಂಡಿಕೇಟರ್ ಹಾಕಬೇಕು, ಅಪಘಾತ ಆಗದಂತೆ ನೋಡಿಕೊಳ್ಳುವ ಹೊಣೆ ಅವರಿಗೂ ತಪ್ಪಿದ್ದಲ್ಲ ಅಂತಲೂ ಹೇಳಿದೆ. ಆದ್ಯತೆ ಅಂದರೆ ಕಣ್ಣು ಮುಚ್ಚಿಕೊಂಡು ನುಗ್ಗುವುದಲ್ಲ.

ಜರ್ಮನಿಯಲ್ಲಿ ಇದು ಕಡ್ಡಾಯ. ಜಪಾನಿನ ಸಂಚಾರ ಕಾನೂನಿನಲ್ಲೂ ಹೊರಡುವ ಬಸ್ಸಿಗೆ ರಕ್ಷಣೆ ಇದೆ. ಬ್ರಿಟನ್ನಿನಲ್ಲಿ ಮಾತ್ರ ಇದು ಬರೀ ಸಲಹೆ: ಸುರಕ್ಷಿತವಾಗಿ ಆಗುವುದಾದರೆ ಬಸ್ಸಿಗೆ ದಾರಿ ಬಿಡಿ ಅಂತ. ಸಿಂಗಾಪುರದ ಕ್ರಮ ನನಗೆ ಜಾಸ್ತಿ ಹಿಡಿಸಿತು. 2008ರಲ್ಲಿ ಅವರು ನಿಯಮವನ್ನು ರಸ್ತೆಯ ಮೇಲೇ ಬರೆಯತೊಡಗಿದರು. ಆಯ್ದ ಕಡೆ, ಬಸ್ಸು ನಿಲ್ಲಲು ರಸ್ತೆ ಬದಿಗೆ ಒಳಸರಿಸಿ ಮಾಡಿದ ಸ್ಟಾಪುಗಳ ಮುಂದೆ ಹಳದಿ ಚೌಕ, ಅದರ ಹಿಂದೆ ದಾರಿ ಬಿಡುವ ಗೆರೆ. ಬಸ್ಸು ಹೊರಬರುತ್ತಿದ್ದರೆ ಆ ಗೆರೆಯ ಹಿಂದೆ ನಿಲ್ಲಬೇಕು. ಡ್ರೈವರ್ ಕೈ ಚಾಚಿ ಕೂಗಬೇಕಾಗಿಲ್ಲ.

ಭಾರತ ಈ ಸಣ್ಣ ನಿಯಮವನ್ನು ಬಿಟ್ಟು ದೊಡ್ಡದಕ್ಕೇ ಕೈ ಹಾಕಿತು. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ, ರಸ್ತೆ ಇರುವುದು ಗಾಡಿಗಳಿಗಲ್ಲ, ಜನರಿಗೆ ಅಂತ ಹೇಳಿ ಬಸ್ಸಿಗೆ ಪ್ರತ್ಯೇಕ ಪಥದ ಮಾತಾಡಿತು. 2008ರಲ್ಲಿ ದೆಹಲಿ ಅಂಬೇಡ್ಕರ್ ನಗರದಿಂದ ಮೂಲಚಂದ್‌ವರೆಗೆ 5.8 ಕಿ.ಮೀ. ಪಥ ಮಾಡಿತು. ಕಾರಿನವರು ಸಿಡಿದೆದ್ದರು. ಮೊಕದ್ದಮೆ ಹೈಕೋರ್ಟಿಗೆ ಹೋಗಿ 2012ರಲ್ಲಿ ವಜಾ ಆಯಿತು. ಕೋರ್ಟಿನಲ್ಲಿ ಗೆದ್ದ ಪಥವನ್ನು ಆಮೇಲೆ ಸರ್ಕಾರವೇ ಒಡೆಸಿತು. ನಮ್ಮ ರಾಜ್ಯದಲ್ಲಿ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸು 2018ರಲ್ಲಿ ತನ್ನದೇ ಪಥದಲ್ಲಿ ಓಡತೊಡಗಿತು. ಬೆಂಗಳೂರು 2019ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಬಸ್ಸಿಗೆ ಒಂದು ಪಥ ಬಿಟ್ಟಿತು. ಸ್ವಲ್ಪ ಕಾಲಕ್ಕೆ ಮೆಟ್ರೊ ಕಾಮಗಾರಿ ಬಂದು ಅದು ಕಳೆದೇ ಹೋಯಿತು.

ಕಲಬುರಗಿಗೂ ಬಸ್ ಪಥ ಬೇಕು ಎನ್ನುವವರು ಸೂಪರ್ ಮಾರ್ಕೆಟ್ ರಸ್ತೆಯ ಅಗಲ ಒಮ್ಮೆ ನೋಡಲಿ. ಎಲ್ಲಿ ಹಾಕುತ್ತೀರಿ? ಸೇಡಂ ರಸ್ತೆಯಲ್ಲೋ ರಿಂಗ್ ರೋಡಿನಲ್ಲೋ ಜಾಗ ಇದ್ದೀತು, ಆದರೆ ಬಸ್ಸು ಸಿಕ್ಕಿಹಾಕಿಕೊಳ್ಳುವುದು ಅಲ್ಲಿ ಅಲ್ಲವಲ್ಲ. ಪೇಟೆಯೊಳಗೆ ಅದು ಸಿಕ್ಕಿಹಾಕಿಕೊಳ್ಳುವುದು ಸ್ಟಾಪಿನ ಹತ್ತಿರ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನಲ್ಲಿ ಹೆಣ್ಣುಮಕ್ಕಳ ಸಂಖ್ಯೆ ಏರಿದೆ, ಅದು ಆಗಬೇಕಾದದ್ದೇ. ಹತ್ತುವವರು ಹೆಚ್ಚಾದಷ್ಟೂ ಸ್ಟಾಪಿನಲ್ಲಿ ಬಸ್ಸು ನಿಲ್ಲುವ ಹೊತ್ತು ಹೆಚ್ಚುತ್ತದೆ. ಕೈಚೀಲ, ಮಗು, ಮುದುಕಿ ಎಲ್ಲ ಮೇಲೆ ಬರಬೇಕಲ್ಲ. ಬಸ್ಸು ನಡುರಸ್ತೆಯಲ್ಲೇ ನಿಂತಿದ್ದರೆ ಆ ಹೊತ್ತೆಲ್ಲ ಹಿಂದಿನವರ ಲೆಕ್ಕಕ್ಕೆ. ಅಲ್ಲಿ ಇಳಿಯುವವರ ಪಾಡು ಇನ್ನೂ ಕಷ್ಟ. ಬಸ್ಸಿಗೂ ಫುಟ್‌ಪಾತಿಗೂ ನಡುವೆ ಉಳಿದ ಸಂದಿಯಲ್ಲಿ ಬೈಕು ನುಗ್ಗಿರುತ್ತದೆ. ಕಂಡಕ್ಟರ್ "ನೋಡಿ ಇಳೀರಿ ಅಕ್ಕಾ" ಅನ್ನುವುದು ಅದಕ್ಕೇ.

ಹೊರಡುವ ಬಸ್ಸಿಗೆ ದಾರಿ ಬಿಡಬೇಕು ಅನ್ನುವ ನಿಯಮವನ್ನು ಚಾಲನಾ ನಿಯಮಾವಳಿಗೆ ಸೇರಿಸುವುದು ಕಲಬುರಗಿಯ ಕೈಯಲ್ಲಿಲ್ಲ, ಬೆಂಗಳೂರಿನ ಕೈಯಲ್ಲೂ ಇಲ್ಲ. 1988ರ ಕಾಯ್ದೆಯ 118ನೇ ಕಲಂ ಆ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. 2017ರಲ್ಲಿ ಇಡೀ ನಿಯಮಾವಳಿಯನ್ನು ಹೊಸದಾಗಿ ಬರೆದಾಗ ಒಂದು ಸಾಲು ಸೇರಿಸಬಹುದಿತ್ತು, ಸೇರಿಸಲಿಲ್ಲ.

ಊರಲ್ಲೇ ಆಗುವ ಕೆಲಸಕ್ಕೆ ಹೊಸ ಕಾನೂನು ಬೇಕಾಗಿಲ್ಲ. ಬಸ್ ಸ್ಟಾಪಿನ ಹತ್ತಿರ ಗಾಡಿ ನಿಲ್ಲಿಸಬಾರದು ಅಂತ 1989ರ ನಿಯಮದಲ್ಲೇ ಬರೆದಿತ್ತು. ಗಾಡಿಗಳು ಎಲ್ಲಿ ನಿಲ್ಲಬೇಕು ಅನ್ನುವುದನ್ನು ಸ್ಥಳೀಯ ಸಂಸ್ಥೆಯನ್ನು ಕೇಳಿ ಗೊತ್ತು ಮಾಡುವ ಅಧಿಕಾರ 117ನೇ ಕಲಮಿನಲ್ಲಿದೆ. ಟಂಟಂ ನಿಲ್ಲಲು ಸ್ಟಾಪಿನಿಂದ ಸ್ವಲ್ಪ ಮುಂದೆ ಬೇರೆ ಜಾಗ ಗುರುತಿಸಲಿ. ಸುಮ್ನೆ ಓಡಿಸಿದರೆ ಆಗಲ್ಲ, ಅವರದ್ದೂ ಹೊಟ್ಟೆಪಾಡು, ಬಸ್ಸು ಹೋಗದ ಗಲ್ಲಿಗೆ ಜನರನ್ನು ಮುಟ್ಟಿಸುವವರು ಅವರೇ. ಸ್ಟಾಪಿನ ಜಾಗ ಬಸ್ಸಿನ ಉದ್ದಕ್ಕೂ ಅದರ ಮುಂದೆ ಹೊರಳಿಕೊಳ್ಳುವಷ್ಟೂ ಖಾಲಿ ಇರಲಿ. ಆಮೇಲೆ ಬದಿಗೆ ಹಾಕದ ಡ್ರೈವರನ್ನು ನಿಗಮದವರು ಕೇಳಿದರೆ ಅದಕ್ಕೊಂದು ಅರ್ಥ ಇರುತ್ತದೆ. ನನ್ನನ್ನು ಕೇಳಿದರೆ ಸೂಪರ್ ಮಾರ್ಕೆಟ್, ಜಗತ್, ಪಟೇಲ್ ಸರ್ಕಲ್, ಈ ಮೂರು ಕಡೆಯ ಸ್ಟಾಪುಗಳಿಂದ ಶುರು ಮಾಡಬೇಕು. ಬೆಳಿಗ್ಗೆ ಕಾಲೇಜಿನ ಹೊತ್ತಿಗೆ, ಸಂಜೆ ಆಫೀಸು ಬಿಡುವ ಹೊತ್ತಿಗೆ ಒಂದೊಂದು ಕಡೆ ಒಬ್ಬ ಟ್ರಾಫಿಕ್ ಪೊಲೀಸ್ ನಿಂತರೆ ಸಾಕು.