ನಿರಾಶ್ರಿತರನ್ನು ನಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ನೋಡ್ತಾರಾ?

ಪ್ರಶ್ನೆ: ದೇರಳಕಟ್ಟೆಯ ನಮ್ಮ ಬಾಡಿಗೆ ಮನೆಯಲ್ಲಿ ಟಿಬೆಟಿನ ಗಂಡ ಹೆಂಡತಿ ಇದ್ದಾರೆ. ಆಕೆಗೆ ಈಗ ಏಳು ತಿಂಗಳು. ಅವರು ಈ ದೇಶದ ಪ್ರಜೆಗಳಲ್ಲ, ರೇಷನ್ ಕಾರ್ಡೂ ಇಲ್ಲ. ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರೆ ನೋಡ್ತಾರಾ? ಖಾಸಗಿಗೆ ಹೋಗುವಷ್ಟು ದುಡ್ಡು ಅವರಲ್ಲಿ ಇಲ್ಲ.

ಉತ್ತರ: ನೋಡ್ತಾರೆ. ಧೈರ್ಯವಾಗಿ ಕರೆದುಕೊಂಡು ಹೋಗಿ. ಈ ಪ್ರಶ್ನೆಯನ್ನು ನನಗೆ ತುಂಬಾ ಜನ ಕೇಳಿದ್ದಾರೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಿರಾಶ್ರಿತರ ಬಗ್ಗೆ 1951ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಅವರಿಗಾಗಿಯೇ ಬೇರೆ ಕಾನೂನೂ ನಮ್ಮಲ್ಲಿಲ್ಲ. ಇದನ್ನು ಕೇಳಿದವರು, ಹಾಗಾದರೆ ಅವರಿಗೆ ಹಕ್ಕೇ ಇಲ್ಲ ಅಂದುಕೊಳ್ಳುತ್ತಾರೆ. ಅದು ತಪ್ಪು. ಜೀವದ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿಯಲ್ಲಿ ಇರುವ ಮಾತು ‘ವ್ಯಕ್ತಿ’, ‘ಪ್ರಜೆ’ ಅಲ್ಲ. ಆಗಿನ ಪೂರ್ವ ಪಾಕಿಸ್ತಾನದಿಂದ ಬಂದು ಅರುಣಾಚಲದಲ್ಲಿ ನೆಲೆಸಿದ್ದ ಚಕ್ಮಾ ನಿರಾಶ್ರಿತರ ಕೇಸಿನಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹೇಳಿತು: ಪ್ರಜೆಯಾಗಿರಲಿ, ಇಲ್ಲದಿರಲಿ, ಜೀವ ಕಾಪಾಡುವುದು ಸರ್ಕಾರದ ಹೊಣೆ. ಅದಕ್ಕೂ ಮುಂಚೆ, 1989ರ ಪರಮಾನಂದ ಕಟಾರ ತೀರ್ಪಿನಲ್ಲಿ, ತುರ್ತು ಸ್ಥಿತಿಯಲ್ಲಿ ಬಂದವರಿಗೆ ಮೊದಲು ಚಿಕಿತ್ಸೆ, ಉಳಿದದ್ದೆಲ್ಲ ಆಮೇಲೆ ಎಂದಿತ್ತು. ಅದು ಖಾಸಗಿ ಆಸ್ಪತ್ರೆಗೂ ಅನ್ವಯ.

ಹೆರಿಗೆಯ ವಿಷಯ ಇನ್ನೂ ಸುಲಭ. 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ, ಸರ್ಕಾರಿ ಆಸ್ಪತ್ರೆಗೆ ಹೆರಿಗೆಗೆ ಬರುವ ಎಲ್ಲ ಗರ್ಭಿಣಿಯರಿಗೂ ಉಚಿತ ಎಂದೇ ಇದೆ. ಸಿಸೇರಿಯನ್, ಔಷಧ, ಊಟ, ಬೇಕಾದರೆ ರಕ್ತ, ಎಲ್ಲ ಸೇರಿ. ಬಿಪಿಎಲ್ ಕಾರ್ಡ್ ಇರಬೇಕೆಂಬ ಷರತ್ತು ಇಲ್ಲ. ಮಂಗಳೂರಿನಲ್ಲಿ ಇದಕ್ಕೆ ಲೇಡಿಗೋಷನ್ ಇದೆ.

ಹಾಗಾದರೆ ತೊಂದರೆ ಎಲ್ಲಿ? ನಾನು ಕಂಡ ಹಾಗೆ, ಡಾಕ್ಟರ ಹತ್ತಿರ ಅಲ್ಲ, ಚೀಟಿ ಮಾಡಿಸುವ ಕೌಂಟರಿನಲ್ಲಿ. ಒಮ್ಮೆ ನಾನೂ ಹೀಗೇ ಒಬ್ಬ ಟಿಬೆಟಿನ ಹುಡುಗಿಯ ಜೊತೆ ಹೋಗಿದ್ದೆ. ಮಳೆ ಜೋರಿತ್ತು, ಅವಳಿಗೆ ಚಳಿಜ್ವರ. ಕೌಂಟರಿನ ಹುಡುಗ ಆಧಾರ್ ಕೇಳಿದ. ಅವಳು ಪ್ಲಾಸ್ಟಿಕ್ ಕವರಿನಿಂದ ತನ್ನ ಆರ್‌ಸಿ ತೆಗೆದಳು. ಆರ್‌ಸಿ ಅಂದರೆ ಗಾಡಿಯದ್ದಲ್ಲ, ಇಲ್ಲಿರುವ ಟಿಬೆಟಿನವರಿಗೆ ಸರ್ಕಾರ ಕೊಡುವ ನೋಂದಣಿ ಪತ್ರ. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. “ಇದು ನಡೆಯುದಿಲ್ಲ” ಎಂದ. ಹಿಂದೆ ಕ್ಯೂ ಬೆಳೆಯುತ್ತಿತ್ತು. ಅವಳು ಏನೂ ಹೇಳದೆ ಪತ್ರವನ್ನು ಮತ್ತೆ ಕವರಿಗೆ ಹಾಕತೊಡಗಿದಳು. ಅದನ್ನು ನೋಡಿ ನನಗೆ ಹೊಟ್ಟೆಗೆ ಬೆಂಕಿ ಬಿದ್ದಂತಾಯ್ತು. ಅಷ್ಟರಲ್ಲಿ ಹಿರಿಯ ನರ್ಸಮ್ಮ ಒಬ್ಬರು ಬಂದು, “ಮೊದಲು ಒಳಗೆ ಕಳಿಸು ಮಾರಾಯ, ಚೀಟಿ ಮತ್ತೆ ಮಾಡುವ” ಎಂದರು. ರಕ್ತ ಪರೀಕ್ಷೆಯಲ್ಲಿ ಮಲೇರಿಯಾ ಬಂತು. ಮಾತ್ರೆಗೆ ದುಡ್ಡು ಕೇಳಲಿಲ್ಲ. ಮಲೇರಿಯಾ, ಕ್ಷಯದಂಥ ರೋಗಗಳಿಗೆ ಸರ್ಕಾರದ ಔಷಧ ಉಚಿತ. ಮಕ್ಕಳ ಲಸಿಕೆಯೂ ಹಾಗೇ.

ನಿಜವಾದ ಕಷ್ಟ ಶುರುವಾಗುವುದು ದೊಡ್ಡ ಕಾಯಿಲೆ ಬಂದಾಗ. ಹೃದಯದ ಆಪರೇಷನ್, ಕ್ಯಾನ್ಸರ್. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಆದರೆ ಅದು ನಿಂತಿರುವುದೇ ರೇಷನ್ ಕಾರ್ಡಿನ ಮೇಲೆ. ಟಿಬೆಟಿನವರಿಗೆ ಧರ್ಮಶಾಲಾದಲ್ಲಿರುವ ಅವರದೇ ಆಡಳಿತ 2012ರಲ್ಲಿ ಶುರು ಮಾಡಿದ ಮೆಡಿಕೇರ್ ಯೋಜನೆ ಇದೆ, ಬೈಲುಕುಪ್ಪೆಯಲ್ಲಿ ಅವರ ಆಸ್ಪತ್ರೆಯೂ ಉಂಟು. ನಿಮ್ಮ ಬಾಡಿಗೆಯವರು ಅದರಲ್ಲಿ ಹೆಸರು ಬರೆಸಿದ್ದಾರಾ ಅಂತ ಒಮ್ಮೆ ಕೇಳಿ. ಅಫ್ಘಾನಿಸ್ತಾನ, ಮ್ಯಾನ್ಮಾರ್ ಕಡೆಯಿಂದ ಬಂದವರಿಗೆ ಅಂಥ ಆಸರೆ ಇಲ್ಲ. ಅವರಲ್ಲಿ ಅನೇಕರ ಕೈಯಲ್ಲಿ ಇರುವುದು ವಿಶ್ವಸಂಸ್ಥೆಯ ನಿರಾಶ್ರಿತರ ಕಾರ್ಡ್ ಮಾತ್ರ. ಅದನ್ನು ತೋರಿಸಿ ಆಧಾರ್ ಮಾಡಿಸಲಿಕ್ಕೆ ಆಗುವುದಿಲ್ಲ. ಇದು ಸರಿಯಾಗಬೇಕು. ಕಾಯಿಲೆ ಬಿದ್ದವರು ಕಾರ್ಡಿಗಾಗಿ ಅಲೆಯುವಂತೆ ಆಗಬಾರದು.

ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟಗಳ ತಮಿಳರನ್ನೂ ಕೆಲವರು ನಿರಾಶ್ರಿತರು ಅನ್ನುವುದುಂಟು. ಅವರು 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಪ್ರಕಾರ ಶ್ರೀಲಂಕಾದಿಂದ ಬಂದವರು, ಭಾರತದ ಪ್ರಜೆಗಳು. ಅವರನ್ನು ಇದರ ಜೊತೆ ಸೇರಿಸಬೇಡಿ.

ಇನ್ನೊಂದು ಹೆದರಿಕೆ, ಆಸ್ಪತ್ರೆಯವರು ಪೊಲೀಸರಿಗೆ ಹೇಳ್ತಾರಾ ಅಂತ. 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆಯ ಪ್ರಕಾರ, ದಾಖಲಾಗುವ ವಿದೇಶಿಯರ ಮಾಹಿತಿಯನ್ನು ಆಸ್ಪತ್ರೆ ಕೊಡಲೇಬೇಕು. ಆದರೆ ಮಾಹಿತಿ ಕೊಡುವುದು ಬೇರೆ, ಚಿಕಿತ್ಸೆ ನಿರಾಕರಿಸುವುದು ಬೇರೆ. ಆರ್‌ಸಿ ಚಾಲ್ತಿಯಲ್ಲಿದ್ದರೆ ಆಕೆ ಹೆದರುವ ಅಗತ್ಯ ಇಲ್ಲ. ಅವಧಿ ಮುಗಿದಿದ್ದರೆ ಹೆರಿಗೆಗೆ ಮುಂಚೆಯೇ ನವೀಕರಿಸಿಕೊಳ್ಳಲಿ.

ಈ ವಾರವೇ ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಯನ್ನು ಮನೆಗೆ ಕರೆಯಿರಿ, ತಾಯಿ ಕಾರ್ಡ್ ಆಗಿದೆಯಾ ನೋಡಿ. ಆಸ್ಪತ್ರೆಗೆ ಹೋಗುವಾಗ ಆರ್‌ಸಿ, ಅದರ ಎರಡು ಜೆರಾಕ್ಸ್, ಹಳೆಯ ಸ್ಕ್ಯಾನಿಂಗ್ ರಿಪೋರ್ಟ್ ಜೊತೆಗಿರಲಿ. ಆಕೆಗೆ ಕನ್ನಡ ಅಷ್ಟಾಗಿ ಬಾರದಿದ್ದರೆ ಮೊದಲ ದಿನ ನೀವೂ ಜೊತೆಗೆ ಹೋಗಿ, ಕೌಂಟರಿನ ಮುಂದೆ ನೀವೇ ನಿಂತು ಮಾತಾಡಿ. ರಾತ್ರಿ ಹೊತ್ತು ನೋವು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ.