ಕಟ್ಟಳೆ ಹಳೆಯದು, ಕಾರಣ ಹೊಸದು: ಪ್ರೀತಿ, ಶರೀರ, ಶೀಲದ ಕಥೋಲಿಕ ಚರಿತ್ರೆ

ಕಥೋಲಿಕ ಧರ್ಮಸಭೆಗೆ ಶರೀರ ಕಂಡರಾಗದು ಎಂಬ ಆರೋಪ ಹಳೆಯದು. ಅದರಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ಆದರೆ ಶರೀರವೇ ಪಾಪದ ಗೂಡು ಎಂದು ಸಾರಿದವರನ್ನು ಪಾಷಂಡಿಗಳೆಂದು ಹೊರಗಿಟ್ಟದ್ದೂ ಇದೇ ಧರ್ಮಸಭೆ. ಕಾಮ, ಮದುವೆ, ಸಂತಾನದ ಬಗ್ಗೆ ಅದು ಹಾಕಿದ ಕಟ್ಟಳೆಗಳು ಎರಡು ಸಾವಿರ ವರ್ಷಗಳಲ್ಲಿ ಹೆಚ್ಚು ಅಲುಗಾಡಿಲ್ಲ. ಅವುಗಳಿಗೆ ಕೊಡುವ ಕಾರಣ ಮಾತ್ರ ಮತ್ತೆ ಮತ್ತೆ ಬದಲಾಗಿದೆ. ಇವತ್ತಿನ ಜಗಳಗಳು ಅರ್ಥವಾಗಬೇಕಾದರೆ ಇದನ್ನು ಹಿಡಿದೇ ಹೊರಡಬೇಕು.

ಮೊದಲ ಶತಮಾನದ ಧರ್ಮಪ್ರಚಾರಕ ಸಂತ ಪೌಲ ಗ್ರೀಸಿನ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲೇ ಎರಡು ಎಳೆಗಳಿವೆ. ದೇಹವೆಂದರೆ ಪವಿತ್ರಾತ್ಮನ ಗುಡಿ ಎನ್ನುತ್ತಾನೆ. ಹೆಂಡತಿಯ ದೇಹದ ಮೇಲೆ ಗಂಡನಿಗಿರುವಷ್ಟೇ ಅಧಿಕಾರ ಗಂಡನ ದೇಹದ ಮೇಲೆ ಹೆಂಡತಿಗೂ ಇದೆ ಎನ್ನುತ್ತಾನೆ. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಅದರ ಬೆನ್ನಿಗೇ, ಮದುವೆಯಿಲ್ಲದೆ ತನ್ನ ಹಾಗೆ ಇದ್ದುಬಿಡುವುದು ಇನ್ನೂ ಲೇಸು ಎಂದೂ ಸೇರಿಸುತ್ತಾನೆ.

ಮುಂದಿನವರು ಒಬ್ಬೊಬ್ಬರು ಒಂದೊಂದು ಎಳೆ ಹಿಡಿದು ಜಗ್ಗಿದರು. ನಾಲ್ಕನೆಯ ಶತಮಾನದ ಕೊನೆಗೆ ಜೊವಿನಿಯನ್ ಎಂಬ ಸಂನ್ಯಾಸಿ, ಸಂಸಾರಿಯೂ ಕನ್ಯಾವ್ರತದವಳೂ ದೇವರ ಮುಂದೆ ಸಮಾನರು ಎಂದ. ಧರ್ಮಸಭೆ ಅವನನ್ನು ಖಂಡಿಸಿತು. ಅವನಿಗೆ ಉತ್ತರವಾಗಿ 393ರಲ್ಲಿ ಸಂತ ಜೆರೋಮ್ ಮದುವೆಯನ್ನು ಎಷ್ಟು ಹೀಗಳೆದು ಬರೆದನೆಂದರೆ, ರೋಮ್‌ನಲ್ಲಿದ್ದ ಅವನ ಗೆಳೆಯನೇ ಮುಜುಗರಪಟ್ಟು ಪ್ರತಿಗಳನ್ನು ವಾಪಸು ತರಿಸಲು ಓಡಾಡಬೇಕಾಯಿತು. ಇವರಿಬ್ಬರ ನಡುವೆ ದಾರಿ ಹುಡುಕಿದವನು ಮುಂದೆ ಬಿಷಪ್ ಆದ ಸಂತ ಅಗಸ್ಟೀನ್. ಯೌವನದಲ್ಲಿ ಸುಮಾರು ಒಂಬತ್ತು ವರ್ಷ ಮನಿಕೇಯ ಪಂಥದಲ್ಲಿದ್ದವನು. ಜಡವಸ್ತು ಕೇಡಿನದು, ಮಕ್ಕಳನ್ನು ಹುಟ್ಟಿಸುವುದೆಂದರೆ ಬೆಳಕನ್ನು ಮತ್ತೆ ಸೆರೆಗೆ ತಳ್ಳಿದಂತೆ ಎನ್ನುತ್ತಿದ್ದ ಪಂಥ ಅದು. ಅದೇ ವರ್ಷಗಳಲ್ಲಿ ಒಬ್ಬಳೊಡನೆ ಬಾಳುತ್ತ ಒಬ್ಬ ಮಗನ ತಂದೆಯೂ ಆಗಿದ್ದ. ‘ಶೀಲ ಕೊಡು, ಆದರೆ ಈಗಲೇ ಬೇಡ’ ಎಂದು ಪ್ರಾರ್ಥಿಸುತ್ತಿದ್ದೆ ಎಂದು ಬರೆದುಕೊಂಡವನೂ ಇವನೇ.

ಕ್ರೈಸ್ತನಾದ ಮೇಲೆ ಅಗಸ್ಟೀನ್ ಮದುವೆಯ ಪರ ವಾದ ಮಂಡಿಸಿದ. ಸಂತಾನ, ನಿಷ್ಠೆ, ಮುರಿಯದ ಪವಿತ್ರ ಬಂಧ, ಈ ಮೂರು ಅದರ ಒಳಿತುಗಳು. ಆದರೆ ಕಾಮದ ಮೇಲಿನ ಅವನ ಗುಮಾನಿ ಹೋಗಲಿಲ್ಲ. ಮಕ್ಕಳ ಬಯಕೆಯಿಲ್ಲದೆ ಬರಿಯ ಸುಖಕ್ಕೆ ಗಂಡಹೆಂಡಿರು ಕೂಡಿದರೆ ಕ್ಷಮಿಸಬಹುದಾದ ತಪ್ಪು, ಆದರೂ ತಪ್ಪೇ. ಈ ಲೆಕ್ಕ ಸಾವಿರ ವರ್ಷಕ್ಕೂ ಹೆಚ್ಚು ಕಾಲ ನಡೆಯಿತು.

ಹದಿಮೂರನೆಯ ಶತಮಾನದ ದೇವಶಾಸ್ತ್ರಜ್ಞ ತೋಮಸ್ ಅಕ್ವಿನಾಸ್ ಇದನ್ನು ಸ್ವಲ್ಪ ಸಡಿಲಿಸಿದ. ಪಾಪ ತಲೆಹಾಕದ, ಆದಾಮ ಹವ್ವರ ಏದೆನ್ ತೋಟದಲ್ಲಿ ಕೂಟದ ಸುಖ ಕಡಿಮೆಯಲ್ಲ, ಇನ್ನೂ ಹೆಚ್ಚೇ ಇರುತ್ತಿತ್ತು ಎಂದ. ಸುಖವೆಂದರೆ ಸಾಕು ಮೂಗು ಮುರಿಯುವ ಸ್ವಭಾವವನ್ನು ದೋಷಗಳ ಪಟ್ಟಿಗೆ ಸೇರಿಸಿದ. ಅವನ ಪ್ರಕಾರ ಶೀಲವೆಂದರೆ ಬಯಕೆಯನ್ನು ಕೊಲ್ಲುವುದಲ್ಲ, ವಿವೇಕದ ಹದಕ್ಕೆ ತರುವುದು. ಈ ಮಾತು ಪೀಠದಿಂದ ಜನರ ಕಿವಿಗೆ ಎಷ್ಟು ಬಿತ್ತೋ! 1563ರಲ್ಲಿ ಬಿಷಪ್ಪರ ತ್ರೆಂತ್ ಮಹಾಸಭೆ, ಕನ್ಯಾವ್ರತಕ್ಕಿಂತ ಮದುವೆ ಮೇಲು ಎನ್ನುವವರಿಗೆ ಬಹಿಷ್ಕಾರ ಘೋಷಿಸಿತು.

ನಿಜವಾದ ಬಿರುಕು ಕಂಡದ್ದು ಇಪ್ಪತ್ತನೆಯ ಶತಮಾನದಲ್ಲಿ. 1930ರ ಆಗಸ್ಟ್‌ನಲ್ಲಿ ಆಂಗ್ಲಿಕನ್ ಬಿಷಪ್ಪರ ಲ್ಯಾಂಬೆತ್ ಸಮ್ಮೇಳನ ಕೆಲವು ಸಂದರ್ಭಗಳಲ್ಲಿ ಗರ್ಭನಿರೋಧಕ್ಕೆ ಒಪ್ಪಿಗೆ ಕೊಟ್ಟಿತು. ಅದೇ ವರ್ಷದ ಕೊನೆಯ ದಿನ ಹನ್ನೊಂದನೆಯ ಪಿಯುಸ್ ಪೋಪ್ ತಮ್ಮ ಪರಿಪತ್ರದಲ್ಲಿ, ಎಂದರೆ ಧರ್ಮಸಭೆಗೆ ಬರೆದ ಬೋಧನಾ ಪತ್ರದಲ್ಲಿ, ಖಡಾಖಂಡಿತವಾಗಿ ಇಲ್ಲ ಎಂದರು. 1951ರಲ್ಲಿ ಹನ್ನೆರಡನೆಯ ಪಿಯುಸ್, ಸೂಲಗಿತ್ತಿಯರನ್ನು ಉದ್ದೇಶಿಸಿ ಮಾತಾಡುತ್ತ, ತಕ್ಕ ಕಾರಣವಿದ್ದರೆ ಗರ್ಭ ನಿಲ್ಲದ ದಿನಗಳಲ್ಲಷ್ಟೇ ಕೂಡುವುದಕ್ಕೆ ಅಡ್ಡಿಯಿಲ್ಲವೆಂದರು. ಅಗಸ್ಟೀನನ ಲೆಕ್ಕ ಸದ್ದಿಲ್ಲದೆ ಕೈಬಿಟ್ಟದ್ದು ಇಲ್ಲೇ ಎಂದು ನನಗನಿಸುತ್ತದೆ. ಮಕ್ಕಳು ಬೇಡವೆಂದೇ ದಿನ ನೋಡಿ ಕೂಡುವುದು ತಪ್ಪಲ್ಲವೆಂದ ಮೇಲೆ, ಸಂತಾನದ ಬಯಕೆಯೊಂದೇ ಕೂಟಕ್ಕೆ ಸಮರ್ಥನೆಯಾಗಿ ಉಳಿಯಲಿಲ್ಲ.

ಆಮೇಲೆ ಗರ್ಭನಿರೋಧಕ ಗುಳಿಗೆ ಬಂತು. 1963ರಲ್ಲಿ ಪೋಪ್ ಇಪ್ಪತ್ತಮೂರನೆಯ ಜಾನ್ ಈ ಪ್ರಶ್ನೆ ಪರಿಶೀಲಿಸಲು ಒಂದು ಸಣ್ಣ ಆಯೋಗ ನೇಮಿಸಿದರು. ಅವರ ನಂತರ ಪೋಪ್ ಆದ ಆರನೆಯ ಪೌಲ್ ಅದನ್ನು ಹಿಗ್ಗಿಸಿ ವೈದ್ಯರನ್ನೂ ಮದುವೆಯಾದ ಜೋಡಿಗಳನ್ನೂ ಸೇರಿಸಿಕೊಂಡರು. ಷಿಕಾಗೋದ ಪ್ಯಾಟ್ ಮತ್ತು ಪ್ಯಾಟಿ ಕ್ರೌಲಿ ದಂಪತಿ, ಧರ್ಮಸಭೆಯ ಮಾತು ಮೀರದೆ ಕ್ಯಾಲೆಂಡರ್ ನೋಡಿಕೊಂಡು ಸಂಸಾರ ಮಾಡಿದವರ ಪತ್ರಗಳನ್ನು ಆಯೋಗದ ಮುಂದಿಟ್ಟರು. ಈ ಪದ್ಧತಿ ತಮ್ಮ ದಾಂಪತ್ಯವನ್ನು ಬೆಸೆಯುವ ಬದಲು ಹಿಂಡುತ್ತಿದೆ ಎಂದು ಅನೇಕರು ಅದರಲ್ಲಿ ತೋಡಿಕೊಂಡಿದ್ದರು. 1966ರಲ್ಲಿ ಆಯೋಗದ ಬಹುಮತ ಬದಲಾವಣೆಯ ಪರ ನಿಂತಿತು. 1968ರ ಜುಲೈ 25ರ ಪರಿಪತ್ರದಲ್ಲಿ ಪೋಪ್ ಅದನ್ನು ತಳ್ಳಿಹಾಕಿದರು. ಹಾಗೆಂದು ಅವರು ಹಳೆಯ ಕಾರಣವನ್ನೇ ಮತ್ತೆ ಹೇಳಲಿಲ್ಲ: ಕೂಟಕ್ಕೆ ಇಬ್ಬರನ್ನು ಒಂದುಗೂಡಿಸುವ ಅರ್ಥವೂ ಇದೆ, ಹೊಸ ಜೀವ ತರುವ ಅರ್ಥವೂ ಇದೆ, ಮನುಷ್ಯ ಇವೆರಡನ್ನು ತಾನಾಗಿ ಬೇರೆ ಮಾಡಬಾರದು ಎಂದರು.

ಆ ಆಯೋಗದ ಸದಸ್ಯರಾಗಿದ್ದೂ ಕೊನೆಯ ಸಭೆಗೆ ಬರದಿದ್ದವರಲ್ಲಿ ಪೋಲೆಂಡಿನ ಕರೋಲ್ ವೊಯ್ತಿವಾ ಒಬ್ಬರು. ಕಮ್ಯುನಿಸ್ಟ್ ಆಡಳಿತದಲ್ಲಿ ಪಾದ್ರಿಗಳು ಯುವಕರನ್ನು ಕಟ್ಟಿಕೊಂಡು ತಿರುಗುವಂತಿರಲಿಲ್ಲ. ಹಾಗಾಗಿ ದೋಣಿ ಪ್ರವಾಸಕ್ಕೆ ಹೋದಾಗ ಹುಡುಗ ಹುಡುಗಿಯರು ಅವರನ್ನು ‘ಮಾಮ’ ಎಂದೇ ಕರೆಯುತ್ತಿದ್ದರು. ಆ ಯುವಜನರ ಪ್ರೇಮದ ಗೊಂದಲಗಳನ್ನು ಕೇಳಿ ಕೇಳಿ ಮಾಗಿದ ಪುಸ್ತಕವೊಂದನ್ನು ವೊಯ್ತಿವಾ 1960ರಲ್ಲಿ ಹೊರತಂದರು. ಹೆಣ್ಣಿನ ಉದ್ರೇಕ ಗಂಡಿನದಕ್ಕಿಂತ ನಿಧಾನ, ಗಂಡ ಅದನ್ನು ತಿಳಿದು ನಡೆದುಕೊಳ್ಳಬೇಕು ಎಂದು ಅದರಲ್ಲಿದೆ. ಆಗಲೇ ಬಿಷಪ್ ಆಗಿದ್ದವರ ಬರಹವಿದು!

1978ರಲ್ಲಿ ಅವರೇ ಪೋಪ್ ಎರಡನೆಯ ಜಾನ್ ಪಾಲ್ ಆದರು. 1979ರ ಸೆಪ್ಟೆಂಬರ್‌ನಿಂದ 1984ರ ನವೆಂಬರ್‌ವರೆಗೆ ಬುಧವಾರದ ಸಭೆಗಳಲ್ಲಿ ಶರೀರದ ಬಗ್ಗೆ ಉಪನ್ಯಾಸ ಕೊಟ್ಟರು. ಶರೀರ ಆತ್ಮದ ಸೆರೆಮನೆಯಲ್ಲ, ಒಬ್ಬರು ಇನ್ನೊಬ್ಬರಿಗೆ ತಮ್ಮನ್ನು ಕೊಟ್ಟುಕೊಳ್ಳಬಲ್ಲರು ಎಂಬುದರ ಗುರುತು, ಇದು ಅವುಗಳ ತಿರುಳು. ಪ್ರೀತಿಗೆ ಎದುರು ನಿಲ್ಲುವುದು ದ್ವೇಷ ಮಾತ್ರವಲ್ಲ, ಇನ್ನೊಬ್ಬರನ್ನು ವಸ್ತುವಿನಂತೆ ಬಳಸುವುದೂ ಹೌದು ಎಂಬುದು ಅವರ ಹಳೆಯ ವಾದ. ಸ್ವಂತ ಹೆಂಡತಿಯನ್ನೇ ಭೋಗವಸ್ತುವಿನಂತೆ ನೋಡಿದರೂ ಅದು ಮನಸ್ಸಿನ ವ್ಯಭಿಚಾರವೇ ಎಂದು 1980ರ ಅಕ್ಟೋಬರ್ 8ರಂದು ಹೇಳಿದಾಗ ಪತ್ರಿಕೆಗಳು ಗೇಲಿ ಮಾಡಿದವು. ಇವತ್ತು ಅದನ್ನೇ ಓದಿದರೆ, ಮದುವೆಯೊಳಗಿನ ಬಲಾತ್ಕಾರದ ಚರ್ಚೆಗೆ ತೀರ ಹತ್ತಿರದ ಮಾತಾಗಿ ಕೇಳುತ್ತದೆ.

ಧರ್ಮಸಭೆಯ ಬೋಧನೆಗಳನ್ನು ಒಟ್ಟುಗೂಡಿಸಿದ 1992ರ ಧರ್ಮೋಪದೇಶ ಗ್ರಂಥದಲ್ಲಿ ಈ ಚಿಂತನೆಯ ನೆರಳಿದೆ. ದೀಕ್ಷಾಸ್ನಾನ ಪಡೆದ ಎಲ್ಲರಿಗೂ ಶೀಲ ಅನ್ವಯಿಸುತ್ತದೆ, ಬ್ರಹ್ಮಚರ್ಯ ಕೆಲವರಿಗಷ್ಟೇ. ದಂಪತಿಗಳ ಶೀಲ ಪರಸ್ಪರ ನಿಷ್ಠೆಯಲ್ಲಿದೆ, ಕೂಡದಿರುವುದರಲ್ಲಿ ಅಲ್ಲ. ಆದರೆ ಅದೇ ಗ್ರಂಥ ಸಲಿಂಗ ಒಲವಿನವರಿಗೆ ಗೌರವ ಕೊಡಿ ಎಂದು ಹೇಳುತ್ತಲೇ ಬಾಳಿಡೀ ಸಂಯಮವನ್ನೂ ವಿಧಿಸುತ್ತದೆ. ಕೊಟ್ಟುಕೊಳ್ಳುವ ಪ್ರೀತಿಯ ಮಾತನ್ನು ಇಷ್ಟು ಎತ್ತರಕ್ಕೆ ಒಯ್ದ ಮೇಲೆ, ಆ ಪ್ರೀತಿ ತಮಗೇಕೆ ಸಲ್ಲದು ಎಂದು ಅವರು ಕೇಳುವುದು ಸಹಜ. ಹಳೆಯ ಕಾರಣಕ್ಕೆ ಈ ಪ್ರಶ್ನೆ ಎದುರಾಗುತ್ತಲೇ ಇರಲಿಲ್ಲ.

2016ರಲ್ಲಿ ಪೋಪ್ ಫ್ರಾನ್ಸಿಸ್, ಧರ್ಮಸಭೆ ಮದುವೆಯನ್ನು ವಿವರಿಸುವಾಗ ಸಂತಾನದ ಕರ್ತವ್ಯವನ್ನೇ ಒತ್ತಿ ಹೇಳಿ ಪ್ರೀತಿಯನ್ನು ಮರೆಮಾಡಿದ್ದುಂಟು ಎಂದು ಬರೆದರು. 2023ರ ಡಿಸೆಂಬರ್‌ನಲ್ಲಿ ವ್ಯಾಟಿಕನ್, ಸಲಿಂಗಿ ಜೋಡಿಗಳನ್ನು ಪೂಜಾವಿಧಿಯ ಹೊರಗೆ ಪಾದ್ರಿಗಳು ಹರಸಬಹುದು, ಮದುವೆಯ ಬೋಧನೆ ಮಾತ್ರ ಹಾಗೆಯೇ ಇರುತ್ತದೆ ಎಂದಿತು. ಮರುತಿಂಗಳೇ ಆಫ್ರಿಕಾದ ಬಿಷಪ್ಪರ ಒಕ್ಕೂಟ ತಮ್ಮ ಖಂಡದಲ್ಲಿ ಅಂಥ ಆಶೀರ್ವಾದ ಸಲ್ಲದು ಎಂದು ಹೇಳಿಕೆ ಕೊಟ್ಟಿತು. ಇತ್ತ ಜರ್ಮನಿಯ ಹಲವು ಪಾದ್ರಿಗಳು ಅನುಮತಿಗೆ ಕಾಯದೆ 2021ರಲ್ಲೇ ಬಹಿರಂಗವಾಗಿ ಹರಸಿ ಆಗಿತ್ತು.